ಅಕ್ಕ ಕಲಿಸದೆ ಬಿಟ್ಟ ಪಾಠ

ಮೊನ್ನೆ ಸಂಜೆ ನನ್ನ ಬಾಯಿಂದ ಬೇರೆಯವರ ಮಾತೊಂದು ಹೊರಬಿತ್ತು. ಯಾದಗಿರಿಯಲ್ಲಿ ನಾನು ಮಹಡಿಯ ಮೇಲೆ ಬಾಡಿಗೆಗಿರುವ ಮನೆಯ ಮಾಲೀಕರ ಮಗಳು ಭಾಗ್ಯ, ಪಿಯುಸಿ ಎರಡನೇ ವರ್ಷದವಳು, ಲೆಕ್ಕ ಹಿಡಿದುಕೊಂಡು ಬಂದಿದ್ದಳು. ತಲೆಯ ಮೇಲೆ ಐದು ಎಕ್ಸ್ ಹೊತ್ತ ಇಂಗ್ಲಿಷಿನ ಒಂದು ಇ ಅಕ್ಷರ, ಗೆರೆಯ ಕೆಳಗೆ ಎರಡು ಎಕ್ಸ್ ಹೊತ್ತ ಇನ್ನೊಂದು ಇ. ಅದರ ಡಿರೈವೇಟಿವ್ ಬೇಕು. ಹುಡುಗಿ ಭಾಗಾಕಾರದ ಸೂತ್ರ ಹಾಕಿ ಪುಟ ತುಂಬಿಸಿದ್ದಳು.

"ಫೋನಿನ್ಯಾಗ ಒಂದ ಸಾಲಿನ್ಯಾಗ ಮುಗಿದದ್ರಿ ಆಂಟಿ. ನಂದು ಹಿಂಗ್ಯಾಕ ಆಗ್ಯದ?"

"ಮೊದಲು ಕಸ ಗುಡಿಸು, ಆಮೇಲೆ ರಂಗೋಲಿ ಹಾಕು" ಎಂದೆ.

ಭಾಗ್ಯ ಮನೆಯ ಮೂಲೆಗಳನ್ನೆಲ್ಲ ನೋಡಿದಳು, ಕಸ ಎಲ್ಲಿದೆಯೆಂದು. ಅದು ನನಗೆ ಗಣಿತ ಹೇಳಿಕೊಟ್ಟ ವಿಜಯಕ್ಕನ ಮಾತು. ದನಿಯೂ ಅವರದೇ, ನಮ್ಮ ಸೀಮೆಯದಲ್ಲದ, ತುಮಕೂರು ಕಡೆಯ ನಿಧಾನದ ದನಿ. ಇಷ್ಟು ವರ್ಷ ನನ್ನೊಳಗೆ ಎಲ್ಲಿ ಅಡಗಿತ್ತೋ ದೇವರೇ ಬಲ್ಲ.

ನಾರಾಯಣಪುರದಲ್ಲಿ ನೀರಾವರಿಯವರ ಕ್ವಾರ್ಟರ್ಸ್‌ಗೆ ಹೋಗುವ ದಾರಿಯಲ್ಲಿ ನಮ್ಮಪ್ಪನ ಕಿರಾಣಿ ಅಂಗಡಿ ಇತ್ತು. ನಾನು ಸುರಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬಂದು, ಸಂಜೆ ಅಲ್ಲಿ ಕೂರುತ್ತಿದ್ದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಯಾರದೋ ಮಾತು ಕೇಳಿ ವಿಜ್ಞಾನ ತೆಗೆದುಕೊಂಡು, ಇಂಗ್ಲಿಷಿನಲ್ಲಿ ಬಂದ ಗಣಿತದ ಮುಂದೆ ಕಣ್ಣು ಕಣ್ಣು ಬಿಡುತ್ತಿದ್ದವಳು ನಾನು. ನನಗೆ ತಿಳಿದದ್ದು ಒಂದೇ ವಿದ್ಯೆ. ಎಕ್ಸ್ ತಲೆಯ ಮೇಲಿರುವ ಅಂಕಿಯನ್ನು ಕೆಳಗಿಳಿಸಬೇಕು, ಮೇಲೆ ಒಂದು ಕಳೆಯಬೇಕು. ಕಂಡಕಂಡದ್ದಕ್ಕೆಲ್ಲ ಅದನ್ನೇ ಮಾಡುತ್ತಿದ್ದೆ. ಒಂದು ದಿನ ಸಕ್ಕರೆ ಕಟ್ಟುವ ಕಾಗದದ ಮೇಲೆ ಇ ತಲೆಯ ಮೇಲಿನ ಎಕ್ಸನ್ನೂ ಹೀಗೇ ಇಳಿಸುತ್ತ ಕೂತಿದ್ದಾಗ, ತೊಗರಿ ಬೇಳೆಗೆ ಬಂದು ನಿಂತ ಎಂಜಿನಿಯರರ ಹೆಂಡತಿ ವಿಜಯಕ್ಕ ಬಗ್ಗಿ ನೋಡಿದರು.

"ಇದನ್ನ ಯಾಕೆ ಇಳಿಸಿದೆ?"

"ಎಲ್ಲಾ ಇಳಸ್ತಾರಲ್ರಿ."

"ಇದು ಇಳಿಯೋದಿಲ್ಲ ಕಣೆ" ಎಂದು ನಕ್ಕವರು ಬೇಳೆ ಕಟ್ಟಿಸಿಕೊಳ್ಳುವುದನ್ನೇ ಮರೆತರು. ಗಣಿತದಲ್ಲಿ ಪದವಿ ಮಾಡಿ, ಮದುವೆಯಾಗಿ, ಗುರುತಿಲ್ಲದ ಊರಿಗೆ ಬಂದು ಮಾತಿಗೆ ಜನವಿಲ್ಲದೆ ಇದ್ದವರು. ಅಪ್ಪ ತಕ್ಕಡಿ ಬಿಟ್ಟು ಕೈಮುಗಿದ. "ಹೇಳಿಕೊಡ್ರಿ ಅಕ್ಕಾರ, ಆಕಿ ದಿನಾ ಬರ್ತಾಳ. ಇಲ್ಲಿ ಕುಂತ್ರ ನನ್ನ ಕಾಗದ ಎಲ್ಲಾ ಹಾಳ ಮಾಡ್ತಾಳ."

ಹಾಗೆ ಶುರುವಾಯಿತು. ವಿಜಯಕ್ಕನ ಮನೆಯಲ್ಲಿ ಹಲಗೆ ಇರಲಿಲ್ಲ. ನಡುಮನೆಯ ಕೆಂಪು ಗಾರೆಯ ನೆಲವೇ ಹಲಗೆ. ಬಾಗಿಲಿಂದ ಅಡುಗೆಮನೆಯ ಹೊಸ್ತಿಲವರೆಗೆ ಸೀಮೆಸುಣ್ಣದಲ್ಲಿ ಬರೆಯುತ್ತ, ಕುಕ್ಕರುಗಾಲಲ್ಲಿ ಹಿಂದೆ ಹಿಂದೆ ಸರಿಯುತ್ತ ಹೋಗಬೇಕು. ತಪ್ಪಾದರೆ ಅವರು ಹೇಳುತ್ತಿರಲಿಲ್ಲ, ಒದ್ದೆ ಬಟ್ಟೆಯನ್ನು ನನ್ನ ಕಡೆ ಎಸೆಯುತ್ತಿದ್ದರು. ಎಲ್ಲಿ ಒರೆಸಬೇಕೆಂದು ನಾನೇ ಹುಡುಕಬೇಕು. ಬಿಳಿಯಾದ ಲಂಗ ನೋಡಿ ಅವ್ವ, "ಲೆಕ್ಕ ಕಲಿಯಾಕ ಹೋಗ್ಯಾಳೋ ಗ್ವಾಡಿಗೆ ಸುಣ್ಣ ಹಚ್ಚಾಕ ಹೋಗ್ಯಾಳೋ!" ಎನ್ನುತ್ತಿದ್ದಳು.

"ಅಣೆಕಟ್ಟೆಯಲ್ಲಿ ನೀರು ಎಷ್ಟಿದೆ ಅನ್ನೋದು ಒಂದು, ಎಷ್ಟು ಬೇಗ ಏರ್ತಿದೆ ಅನ್ನೋದು ಇನ್ನೊಂದು. ಆ ಎರಡನೇದೇ ಡಿರೈವೇಟಿವ್" ಎಂದರು ಒಂದು ದಿನ. "ಈಗ ಒಂದು ಕೆರೆ ನೆನೆಸ್ಕೋ. ಅದರಲ್ಲಿ ಎಷ್ಟು ನೀರಿದೆಯೋ ಅಷ್ಟೇ ವೇಗದಲ್ಲಿ ಅದು ತುಂಬುತ್ತೆ. ಇ ತಲೆ ಮೇಲೆ ಎಕ್ಸ್ ಅಂದ್ರೆ ಅದು."

"ಅಂಥಾ ಕೆರಿ ನಮ್ಮ ಕಡಿ ಇಲ್ರಿ ಅಕ್ಕಾರ."

ಅವರು ನಕ್ಕು ನಕ್ಕು ಗೋಡೆಗೊರಗಿದರು. ಎಷ್ಟು ಸಲ ಡಿರೈವೇಟಿವ್ ತೆಗೆದರೂ ಅದು ಹಾಗೇ ಉಳಿಯುತ್ತದೆ ಎಂದು ತಿಳಿದ ದಿನ ಮನೆಯವರೆಗೆ ಓಡಿದ್ದೆ. ಪ್ರೀತಿಯೂ ಹಾಗೆಯೇ ಎಂದು ಇಲ್ಲೊಂದು ಮಾತು ಸೇರಿಸುವ ಆಸೆ ನನಗಿದೆ. ಆದರೆ ಅಕ್ಕ ಇದ್ದಿದ್ದರೆ ಒದ್ದೆ ಬಟ್ಟೆ ಎಸೆಯುತ್ತಿದ್ದರು.

ಪರೀಕ್ಷೆ ಇನ್ನೂ ದೂರವಿರುವಾಗಲೇ ಅವರ ಯಜಮಾನರಿಗೆ ವರ್ಗವಾಯಿತು. ಲಾರಿಗೆ ಸಾಮಾನು ಏರಿಸಿದ ಮೇಲೆ ಬರಿದಾದ ನಡುಮನೆಯಲ್ಲಿ ಅಕ್ಕ ಕೂತು, ನೆಲದ ಮೇಲೆ ಉದ್ದನೆಯ ಕೊಂಕು ಗೆರೆಯೊಂದನ್ನು ಎಳೆದರು. ಇಂಟಿಗ್ರೇಷನ್ ಚಿಹ್ನೆ. "ಇಷ್ಟು ದಿನ ಮಾಡಿದ್ದನ್ನೆಲ್ಲ ಹಿಂದಕ್ಕೆ ನಡೆಸೋದು ಇದು" ಎಂದರು. ಅಷ್ಟರಲ್ಲಿ ಲಾರಿಯವನು ಹಾರ್ನ್ ಹೊಡೆದ. "ಮುಂದಿನದನ್ನ ನಾನೇ ಬಂದು ಹೇಳಿಕೊಡ್ತೀನಿ. ನೀನಾಗಿ ಓದಿ ಕೆಡಿಸ್ಕೋಬೇಡ." ನನ್ನ ಕಣ್ಣು ನೋಡಿ ನಮ್ಮ ಮಾತಲ್ಲೇ ಅಂದರು: "ಅಳಬ್ಯಾಡ ಸುಮ್ನಿರು."

ಒಂದೆರಡು ಪತ್ರ ಬಂದವು, ಆಮೇಲೆ ನಿಂತವು. ಊರಿಂದೂರಿಗೆ ಹೋಗುವವರ ವಿಳಾಸ ಹಿಡಿಯುವುದು ಕಷ್ಟ. ನಾನು ಆ ಪಾಠ ಬಿಟ್ಟು, ಉಳಿದದ್ದರಲ್ಲೇ ಒದ್ದಾಡಿ ಅಂತೂ ಇಂತೂ ಪಾಸಾದೆ. ಈಗ ಕಚೇರಿಯೊಂದರಲ್ಲಿ ಟಪಾಲು ನೋಡಿಕೊಳ್ಳುವವಳು, ಗಣಿತಕ್ಕೂ ನನಗೂ ಯಾವ ಸಂಬಂಧವೂ ಇಲ್ಲ. ಆದರೂ ಇಂಟಿಗ್ರೇಷನ್ ಪಾಠವನ್ನು ನಾನು ಯಾವತ್ತೂ ತೆರೆಯಲಿಲ್ಲ. ಅದು ಅಕ್ಕನದು. ತೆರೆದರೆ ಅವರು ಬರುವುದಕ್ಕೆ ಕಾರಣವೇ ಇರುವುದಿಲ್ಲ ಎಂಬ ಹುಚ್ಚು. ಹೋದ ವರ್ಷ ಕೊಡೇಕಲ್‌ಗೆ ಮದುವೆಗೆ ಹೋದವಳು ನಾರಾಯಣಪುರಕ್ಕೂ ಹೋಗಿ ಆ ಮನೆಯ ಮುಂದೆ ನಿಂತೆ. ಒಳಗಿಂದ ಬಂದ ಹೆಣ್ಣುಮಗಳು, "ಯಾರ ಬೇಕಾಗಿತ್ರಿ?" ಎಂದಳು. "ಯಾರೂ ಇಲ್ರಿ" ಎಂದು ಬಸ್‌ಸ್ಟ್ಯಾಂಡಿಗೆ ಬಂದೆ. ಅವರನ್ನು ಒಮ್ಮೆ ನೋಡಬೇಕಿತ್ತು, ಅಷ್ಟೇ.

ಭಾಗ್ಯಳಿಗೆ ಗುಡಿಸುವುದೆಂದರೇನೆಂದು ತೋರಿಸಿದೆ. ಮೇಲಿನ ಐದರಲ್ಲಿ ಕೆಳಗಿನ ಎರಡು ಕಳೆದರೆ ಮೂರು ಎಕ್ಸ್ ಹೊತ್ತ ಒಂದೇ ಇ, ಡಿರೈವೇಟಿವ್ ತೆಗೆದರೆ ಅದರ ಮುಂದೆ ಒಂದು ಮೂರು, ಮುಗಿಯಿತು. ಅವಳ ಪುಟದ ಉತ್ತರವೂ ಸರಿಯೇ ಇತ್ತು, ಕಸ ಹಾಗೇ ಉಳಿದಿತ್ತು.

"ನಾಳಿಂದ ಇಂಟಿಗ್ರೇಷನ್ ಚಾಲೂ ಆಗ್ತದ್ರಿ. ಅದನ್ನೂ ನೀವೇ ಹೇಳಿಕೊಡ್ರಿ ಆಂಟಿ."

"ಅದು ನನಗ ಬರಂಗಿಲ್ಲವ್ವ."

"ಯಾರೂ ಕಲಸಲಿಲ್ಲೇನ್ರಿ?"

"ಕಲಸ್ತೀನಿ ಅಂದಿದ್ರು. ಬರ್ತಾರಂತ ಕಾಯಾಕತ್ತೇನಿ."

ಭಾಗ್ಯ ನಗಲಿಲ್ಲ. "ಹಂಗಾದ್ರ ನಂದೇನ್ ಗತಿರಿ?" ಎಂದಳು.

ಅವಳ ಪುಸ್ತಕವನ್ನು ಬಿಟ್ಟುಹೋಗಲು ಹೇಳಿದೆ. ಅವಳು ಕೆಳಗಿಳಿದ ಮೇಲೆ ಕನ್ನಡಕ ಹಾಕಿಕೊಂಡು ಆ ಪಾಠ ತೆರೆದೆ. ಮೊದಲ ಸಾಲನ್ನು ಗಟ್ಟಿಯಾಗಿ ಓದಿದೆ. ನಾನಾಗಿ ಓದಿ ಕೆಡಿಸಿಕೊಂಡರೆ, ಅಕ್ಕ ಬಂದು ಬೈಯಲಿ.