ಅರ್ಧ ಹೆಪ್ಪು

ದ್ರಾಕ್ಷಿ ಚೆನ್ನಾಗಿ ಬಂದ ವರ್ಷ ನಮ್ಮ ಭಾವ ಗಡಿನಾಡಿನ ಡಫಳಾಪುರದ ತೋಟದ ಮನೆಯ ಹಿಂದೆ ಈಜುಕೊಳ ಕಟ್ಟಿಸಿದರು. ಬೀಗರಿಗೆಲ್ಲ ತೋರಿಸಿ ಮುಗಿದ ಮೇಲೆ ಅವರು ಅದರತ್ತ ತಿರುಗಿ ನೋಡಲಿಲ್ಲ. ಅದನ್ನು ನಿಜವಾಗಿ ಬಳಸಿದವಳು ನನ್ನ ನೆಗೆಣ್ಣಿ, ಭಾವನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಮಂಡಿನೋವಿಗೆ ನೀರಿನಲ್ಲಿ ನಡೆಯಲು ಡಾಕ್ಟರು ಹೇಳಿದ್ದರು. ನೆಲದ ಮೇಲೆ ಗೋಡೆ ಹಿಡಿದು ನಡೆಯುವ ಅಕ್ಕ, ಎದೆಮಟ್ಟದ ನೀರಿನಲ್ಲಿ ಮದುವೆ ಮನೆಯ ಯಜಮಾನಿಯ ಹಾಗೆ ಓಡಾಡುತ್ತಿದ್ದಳು.

ಈ ಬೇಸಿಗೆಯಲ್ಲಿ ನೀರು ಪಾಚಿಗಟ್ಟಿ ಹಸಿರಾಯಿತು. ಜಿಪುಣತನ ನಮ್ಮ ಸೀಮೆಯ ಗುಣ. ಒಗ್ಗರಣೆಗೆ ಇಂಗು ಹಾಕುವವರಂತೆ ದಿನಾ ಚಿಟಿಕೆ ಚಿಟಿಕೆ ಕ್ಲೋರಿನ್ ಪುಡಿ ಉದುರಿಸುತ್ತಿದ್ದೆವು. ಇನ್ನು ನೀರು ಚೆಲ್ಲಿ ಹೊಸದು ತುಂಬುವ ಮಾತನ್ನು ಈ ಬರದ ನಾಡಿನಲ್ಲಿ ಯಾರೂ ಬಾಯಿಗೂ ತರುವುದಿಲ್ಲ. ಭಾವ ಸಿಟ್ಟಿಗೆದ್ದು, ಬರುವ ಸೋಮವಾರ ಟ್ರಾಲಿ ಮಣ್ಣು ತರಿಸಿ ಕೊಳ ಮುಚ್ಚಿಸುತ್ತೇನೆ ಎಂದರು. ಅವರ ಮಾತೆಂದರೆ ಕಲ್ಲಿನ ಮೇಲಿನ ಗೆರೆ. ಅಕ್ಕನ ಮುಖ ನೋಡಿ ನನಗೆ ಸಂಕಟವಾಯಿತು.

ಅಕ್ಕ ಎದ್ದು ಪುಡಿಯ ಡಬ್ಬಿ ತಂದಳು. ಕನ್ನಡಕ ಹಾಕಿಕೊಂಡು, ಅದರ ಹಿಂದಿದ್ದ ಮರಾಠಿ ಬರಹವನ್ನು ನಿಧಾನವಾಗಿ ಓದಿ ನನಗೆ ಹೇಳಿದಳು:

“ಅರ್ಧ ಹೆಪ್ಪ ಹಾಕಿದ್ರ ಹಾಲೂ ಅಲ್ಲ, ಮಸರೂ ಅಲ್ಲ. ಕೊಡೂದನ್ನ ಒಮ್ಮೆ ತುಂಬ ಕೊಡಬೇಕವ್ವಾ.”

ಬಿಸಿಲು ಪುಡಿಯ ಕಸುವು ತಿನ್ನುತ್ತದೆಂದು ಹೊತ್ತು ಮುಳುಗುವವರೆಗೆ ಕಾದಳು. ಅಷ್ಟರಲ್ಲಿ ನನ್ನಿಂದ ಗೋಡೆಯ ಪಾಚಿಯನ್ನೆಲ್ಲ ಉಜ್ಜಿಸಿದಳು. ಮಂಡಿ ಅವಳದು, ಮುರಿದ ನಡು ನನ್ನದು. ಆಮೇಲೆ ಮೂಗಿಗೆ ಸೆರಗು ಕಟ್ಟಿ, ಬಕೆಟ್ಟಿನ ನೀರಿಗೆ ಪುಡಿ ಹಾಕಿ ಕದಡಿ, ಡಬ್ಬಿ ಹೇಳಿದಷ್ಟನ್ನೂ ಎಲ್ಲ ಬದಿಯಿಂದ ಕೊಳಕ್ಕೆ ಸುರಿದಳು. ಸಾಸಿವೆಯನ್ನೂ ಎಣಿಸಿ ಹಾಕುವ ಆ ಕೈ ಅಂದು ಹಿಂಜರಿಯಲಿಲ್ಲ. ನನಗೆ ಹೆಮ್ಮೆಯಾಯಿತು. ಪಂಪು ಬೆಳಗಿನವರೆಗೂ ಓಡಿತು.

ಬೆಳಗ್ಗೆ ನೀರು ಸುಣ್ಣ ಕದಡಿದಂತೆ ಮಬ್ಬಾಗಿತ್ತು. ಭಾವ ನೋಡಿ ನಕ್ಕರು. ನನ್ನ ಧೈರ್ಯ ಕುಸಿಯಿತು. ಅಕ್ಕ ಮಾತ್ರ, ಪಾಚಿ ಸತ್ತಿದೆ, ಇನ್ನು ಹೆಣ ಸೋಸಬೇಕಷ್ಟೆ ಎಂದು ಫಿಲ್ಟರ್ ತೊಳೆಸಿ ಮತ್ತೆ ಪಂಪು ಹಚ್ಚಿದಳು. ಸೋಮವಾರದವರೆಗೆ ಅದನ್ನೇ ಮಾಡಿದಳು.

ಮಣ್ಣಿನ ಟ್ರಾಲಿ ಬಂದಾಗ ಕೊಳದ ತಳದ ನೀಲಿ ಹಂಚುಗಳು ಒಂದೊಂದೂ ಕಾಣುತ್ತಿದ್ದವು. ಕ್ಲೋರಿನ್ ಅಳೆಯುವ ಕಾಗದದ ಪಟ್ಟಿಯನ್ನು ನೀರಿಗೆ ಅದ್ದಿ, ಇಳಿಯಲು ಅಡ್ಡಿಯಿಲ್ಲವೆಂದು ಖಾತ್ರಿ ಮಾಡಿಕೊಂಡ ಅಕ್ಕ, ಭಾವನಿಗೆ ತಣ್ಣಗೆ ಹೇಳಿದಳು:

“ಮಣ್ಣ ಆ ಕಡಿ ಹಾಕಸ್ರಿ. ಮಲ್ಲಿಗಿ ಹಚ್ಚೂನು.”

ಭಾವ ಬಗ್ಗಿ ಬೊಗಸೆಯಲ್ಲಿ ನೀರು ಎತ್ತಿ ನೋಡಿದರು. ಟ್ರಾಲಿಯವನಿಗೆ ಆ ಕಡೆ ಕೈ ತೋರಿಸಿದರು. ಆಮೇಲೆ ಅಕ್ಕನಿಗೆ ಕೈ ಕೊಟ್ಟರು. ತಪ್ಪು ತಿಳಿಯಬೇಡಿ, ಮೆಟ್ಟಿಲು ಇಳಿಯುವಾಗ ಹಿಡಿದುಕೊಳ್ಳಲೆಂದು, ತಮ್ಮ ಧೋತರ ತೊಯ್ಯುತ್ತಿದ್ದರೂ ಬಿಡದೆ ಕೈ ಕೊಟ್ಟರು.