ಕಮಲಾಪುರದ ಜೀಪಿನಲ್ಲಿ ಎರಡು ಎಲೆಕ್ಷನ್

ಕಳೆದ ವಾರ ನಾನೊಂದು ಚುನಾವಣೆ ನಡೆಸಿದೆ. ಹೆಂಡ ಹಂಚಲಿಲ್ಲ, ಸೀರೆ ಹಂಚಲಿಲ್ಲ, ಯಾರೂ ಯಾರಿಗೂ ಬೈಯಲಿಲ್ಲ. ಅಷ್ಟು ಚೊಕ್ಕ ಎಲೆಕ್ಷನ್ನನ್ನು ನೀವು ಜನ್ಮದಲ್ಲಿ ನೋಡಿರಲಿಕ್ಕಿಲ್ಲ. ಆದರೂ ಅದು ಮುಗಿಯುವಷ್ಟರಲ್ಲಿ ನನ್ನ ಮಾನ ಮೂರಾಬಟ್ಟೆಯಾಗಿತ್ತು.

ಆದದ್ದಿಷ್ಟು. ಕಮಲಾಪುರದ ಒಂದು ಕಾಲೇಜಿನವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ವಿಷಯ: ‘ಚುನಾವಣೆ ನಡೆದರೆ ಪ್ರಜಾಪ್ರಭುತ್ವ ಬಂದಂತೆಯೇ?’ (ನನಗೇ ಯಾಕೆ ಈ ವಿಷಯ ಕೊಟ್ಟರೋ! ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯಲ್ಲಿ ನಾನು ಕಾಯಂ ವಿರೋಧ ಪಕ್ಷ.) ‘ಒಂದು ತಾಸು ನಿಮಗೇ ಬಿಟ್ಟೀವ್ರಿ ಸರ’ ಎಂದು ಪ್ರಿನ್ಸಿಪಾಲರು ಫೋನಿನಲ್ಲಿ ಮಾತು ಕೊಟ್ಟಿದ್ದರು. ಬರೆದ ಭಾಷಣವನ್ನು ಜೇಬಿನಲ್ಲಿಟ್ಟುಕೊಂಡು ಕಲಬುರಗಿಯ ರಿಂಗ್ ರೋಡಿಗೆ ಬಂದು ಸೀಟ್ ಲೆಕ್ಕದ ಜೀಪು ಹತ್ತಿದೆ.

ಕಾಲೇಜು ಊರಾಚೆ ಇದೆ ಎಂದು ಕೇಳಿದ್ದೆ. ಹತ್ತುವ ಮೊದಲೇ ಡ್ರೈವರ್ ಮಲ್ಲುವನ್ನು ಕೇಳಿದೆ: ‘ಗೇಟಿನ ತನಕ ಬಿಡ್ತೀಯೇನಪ್ಪಾ?’

‘ಬಿಡ್ತೀನ್ರಿ ಸರ, ಕೂಡ್ರಿ.’

ನನ್ನ ಎದುರಿಗೆ ರಜಿಯಾ ಆಪಾ (ಆಪಾ ಎಂದರೆ ಅಕ್ಕ). ಹೈವೇಯಿಂದ ಒಳಗಿರುವ ಒಂದು ಹಳ್ಳಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಅವರದು. ಕೆಟ್ಟುಹೋದ ಹೊಲಿಗೆ ಮಷಿನ್ನನ್ನು ಕಲಬುರಗಿಯ ಮೋಮಿನಪುರದಲ್ಲಿ ರಿಪೇರಿ ಮಾಡಿಸಿ, ಹಳೆಯ ಚಾದರದಲ್ಲಿ ಸುತ್ತಿ, ತೊಡೆಯ ಮೇಲೆ ಕೂಸಿನಂತೆ ಹಿಡಿದು ಕೂತಿದ್ದರು. ಅವರೂ ಮಲ್ಲುವಿನಿಂದ ಮಾತು ತೆಗೆದುಕೊಂಡೇ ಹತ್ತಿದ್ದರು. ಮನೆ ಬಾಗಿಲಿಗೆ ಬಿಡಬೇಕು, ಹೈವೇ ಮೇಲೆ ಇಳಿಸುವಂತಿಲ್ಲ.

‘ನಾಳಿ ಮದಿವಿ ಮನಿಯವರು ಬ್ಲೌಸಿಗೆ ಬರ್ತಾರ್ರಿ. ಇದು ಮನಿ ಮುಟ್ಟಲಿಲ್ಲಂದ್ರ ನನ್ನ ಇಜ್ಜತ್ತು ಹೋಗ್ತದ’ ಎಂದು ದಾರಿಯುದ್ದಕ್ಕೂ ಹೇಳಿದರು.

ಅವರ ಕ್ರಾಸ್ ಬಂತು. ಮಲ್ಲು ಇಂಡಿಕೇಟರ್ ಹಾಕಿದ್ದೇ ತಡ, ಹಿಂದಿನ ಸೀಟಿನಿಂದ ಶರಣಪ್ಪ ಎದ್ದ. ಕಮಲಾಪುರದ ಕೆಂಪು ಬಾಳೆಹಣ್ಣಿನ ವ್ಯಾಪಾರಿ. ಹಣ್ಣು ಮಾರಿ ಮರಳಿ ಹೊರಟಿದ್ದ, ಖಾಲಿ ಬುಟ್ಟಿಗಳು ಜೀಪಿನ ತಲೆಯ ಮೇಲಿದ್ದವು.

‘ಏ ಮಲ್ಲು, ಒಬ್ಬಾಕಿ ಸಲುವಾಗಿ ನಾವೆಲ್ಲಾ ಬಿಸಿಲಾಗ ಸಾಯೋಣೇನು? ಇಲ್ಲೇ ಇಳಸು!’

ಉಳಿದವರೂ ದನಿಗೂಡಿಸಿದರು. ಆಪಾ ಬಿಡಬೇಕಲ್ಲ! ಗಲಾಟೆ ಏರಿತು. ಜೇಬಿನಲ್ಲಿ ಪ್ರಜಾಪ್ರಭುತ್ವ ಇಟ್ಟುಕೊಂಡ ಮನುಷ್ಯ ಸುಮ್ಮನಿರುವುದು ಹೇಗೆ?

‘ಜಗಳ ಬ್ಯಾಡ್ರಿ, ವೋಟಿಗೆ ಹಾಕೋಣ’ ಎಂದೆ.

ಗುಪ್ತ ಮತದಾನ. ಎಲ್ಲರೂ ಕಣ್ಣು ಮುಚ್ಚಬೇಕು, ಒಳಗೆ ಹೋಗುವುದು ಬೇಡ ಎನ್ನುವವರು ಕೈ ಎತ್ತಬೇಕು, ಮಲ್ಲು ಎಣಿಸಬೇಕು. ನಾನು ಚುನಾವಣಾಧಿಕಾರಿ, ಆದ್ದರಿಂದ ತಟಸ್ಥ. (ಭಾಷಣಕ್ಕೆ ತಡವಾಗುತ್ತಿದೆ, ಒಳಗೆ ಹೋಗದಿದ್ದರೆ ಒಳ್ಳೆಯದು ಅನಿಸಿದ್ದು ನಿಜ. ಅದು ಬೇರೆ ಮಾತು.)

‘ಆಪಾ ಒಬ್ಬರನ್ನ ಬಿಟ್ಟು ಎಲ್ಲಾರೂ ಎತ್ಯಾರ್ರಿ’ ಎಂದ ಮಲ್ಲು.

ನಾನು ಗಂಭೀರವಾಗಿ ಫಲಿತಾಂಶ ಘೋಷಿಸಿದೆ. ಜನರ ತೀರ್ಪನ್ನು ತಲೆಬಾಗಿ ಒಪ್ಪಬೇಕು ಎಂದು ಎರಡು ಮಾತೂ ಸೇರಿಸಿದೆ. ಆಪಾ ಇಳಿಯಲಿಲ್ಲ. ಮಷಿನ್ನನ್ನು ಇನ್ನಷ್ಟು ಒತ್ತಿ ಹಿಡಿದು ನನ್ನ ಕಡೆ ತಿರುಗಿದರು:

‘ಎಲೆಕ್ಷನ್ ಖರೇನೇ ಛಲೋ ಮಾಡಿದ್ರಿ ಸರ. ಯಾರೂ ಮೋಸ ಮಾಡಲಿಲ್ಲ. ಇಳಿಯೋಕಿಂತ ಮೊದಲ ನಂದೂ ಒಂದು ಎಲೆಕ್ಷನ್ ಆಗಲಿ. ಸರನ್ನ ಕಾಲೇಜಿನ ತನಕ ಬಿಡಬೇಕೋ, ಬಸ್ ಸ್ಟ್ಯಾಂಡಿನ್ಯಾಗೇ ಇಳಸಬೇಕೋ? ಇಳಸೋಣ ಅನ್ನೋರು ಕೈ ಎತ್ರಿ!’

ಕಣ್ಣು ಮುಚ್ಚುವ ಸೌಜನ್ಯವನ್ನೂ ಯಾರೂ ತೋರಿಸಲಿಲ್ಲ. ನಗುನಗುತ್ತಲೇ ಎಲ್ಲ ಕೈಗಳೂ ಮೇಲೆದ್ದವು. ಶರಣಪ್ಪ ಎರಡೂ ಕೈ ಎತ್ತಿದ್ದ. (ಕಳ್ಳವೋಟು!)

‘ಅದ್ಹ್ಯಾಂಗ್ರಿ? ಹತ್ತುವಾಗಲೇ ಮಾತಾಗ್ಯದ! ಗೇಟಿನ ತನಕ ಅಂದಾನ!’ ಎಂದು ಕೂಗಿದೆ. ನನ್ನ ದನಿ ನನಗೇ ಶರಣಪ್ಪನ ದನಿಗಿಂತ ದೊಡ್ಡದಾಗಿ ಕೇಳಿಸಿತು.

‘ನಂದೂ ಮಾತಾಗಿತ್ತಲ್ರೀ’ ಎಂದರು ಆಪಾ.

ನಾಚಿಕೆಯಾಯಿತು. ಸುಳ್ಳು ಯಾಕೆ ಹೇಳಲಿ? ಜೇಬಿನ ಭಾಷಣದಲ್ಲಿ ಹೀಗೆ ಬರೆದಿದ್ದೆ: ‘ಚುನಾವಣೆ ನಡೆಸಿದ ಮಾತ್ರಕ್ಕೆ ಎಲ್ಲ ದೇಶಗಳೂ ಪ್ರಜಾಪ್ರಭುತ್ವವಾಗುವುದಿಲ್ಲ. ಜನರನ್ನು ಕ್ಯೂ ನಿಲ್ಲಿಸಿ ವೋಟು ಹಾಕಿಸಿ, ಮರುದಿನ ಪತ್ರಿಕೆಯ ಬಾಯಿ ಮುಚ್ಚಿಸುವವರಿದ್ದಾರೆ. ಸೋತವರನ್ನು ಜೈಲಿಗೆ ಹಾಕುವವರಿದ್ದಾರೆ. ಕೇಳಿದರೆ, ಜನರೇ ಆರಿಸಿದ್ದಾರಲ್ಲ ಎನ್ನುತ್ತಾರೆ.’ ಬರೆಯುವಾಗ ದೂರದ ಯಾವುದೋ ದೇಶಗಳನ್ನು ನೆನೆದು ಬೈದಿದ್ದೆ. ಆ ದೇಶವನ್ನು ನಾನೇ ಒಂದು ಜೀಪಿನಲ್ಲಿ ಕಟ್ಟಿ ಕೂತಿದ್ದೆ.

ವೋಟು ಹಾಕಿ ನಿರ್ಧರಿಸುವ ವಿಷಯಗಳು ಬೇಕಾದಷ್ಟಿವೆ. ಚಹಾಕ್ಕೆ ಎಲ್ಲಿ ನಿಲ್ಲಬೇಕು? ವೋಟು ಹಾಕಿ. ಯಾವ ಹಾಡು ಹಚ್ಚಬೇಕು? ಹಾಕಿ. ಆದರೆ ಮಾತು ತೆಗೆದುಕೊಂಡು ಹತ್ತಿದವರನ್ನು ನಡುದಾರಿಯ ಬಿಸಿಲಿಗೆ ಇಳಿಸಬೇಕೇ ಎಂಬುದೂ ವೋಟಿನ ವಿಷಯವೇ? ಹಾಗಾದರೆ ಬಹುಮತವೆಂದರೆ ಬರೀ ಹೆಚ್ಚು ಜನ ಕೂತ ಸೀಟು, ಅಷ್ಟೇ.

ಅಷ್ಟರಲ್ಲಿ ಮಲ್ಲುವಿಗೆ ಹುರುಪು ಬಂದಿತ್ತು. ‘ಮೂರನೇ ಎಲೆಕ್ಷನ್! ಶರಣಪ್ಪ ಕಾಕಾನ ಬುಟ್ಟಿ ಭಾಳ ಜಾಗ ಹಿಡದಾವ. ಇಲ್ಲೇ ಇಳಸೋಣು ಅನ್ನೋರು?’

‘ಏ, ಒಳಗ ತಗೋ ಗಾಡಿ!’ ಎಂದು ಶರಣಪ್ಪ ಅರಚಿದ. ‘ಹೆಣ್ಮಗಳು, ಭಾರ ಹಿಡಕೊಂಡು ಎಷ್ಟಂತ ನಡೀತಾಳ ಪಾಪ!’

ಕೈ ಎತ್ತುವ ಮಾತೇ ಬರಲಿಲ್ಲ. ಜೀಪು ಒಳದಾರಿಗೆ ತಿರುಗಿತು. ಆಪಾನ ಬಾಗಿಲಲ್ಲಿ ಮಷಿನ್ ಇಳಿಸಿಕೊಟ್ಟವನೂ ಶರಣಪ್ಪನೇ. ಆಪಾ ಎಲ್ಲರಿಗೂ ಮಣ್ಣಿನ ಕೊಡದಿಂದ ತಣ್ಣನೆಯ ನೀರು ಕೊಟ್ಟರು. ನನಗೆ ಮಾತ್ರ ಎರಡು ಗ್ಲಾಸ್, ‘ಭಾಷಣಾ ಮಾಡೋರಿಗಿ ಗಂಟಲು ಒಣಗಬಾರದ್ರಿ’ ಎಂದು.

ಮಲ್ಲು ನನ್ನನ್ನೂ ಗೇಟಿನ ತನಕ ಬಿಟ್ಟ. ಅಷ್ಟೊತ್ತಿಗೆ ಹೊತ್ತು ಮೀರಿತ್ತು. ಸಭಾಂಗಣದ ಪಕ್ಕದಿಂದ ಪಲಾವಿನ ವಾಸನೆ ಬರುತ್ತಿತ್ತು. ಹುಡುಗರ ಕಣ್ಣು ನನ್ನ ಮೇಲಿರಲಿಲ್ಲ. ಪ್ರಿನ್ಸಿಪಾಲರು ಕೈ ಹಿಸುಕಿಕೊಳ್ಳುತ್ತ ಹತ್ತಿರ ಬಂದರು.

‘ಸರ, ಹುಡುಗ್ರು ಮುಂಜಾನಿಂದ ಕುಂತಾವ್ರಿ. ಮೊದಲ ನಿಮ್ಮ ಭಾಷಣವೋ, ಊಟವೋ... ಕೈ ಎತ್ತಿಸಿ ಕೇಳಿಬಿಡೋಣೇನ್ರಿ?’

ನನ್ನ ಒಂದು ತಾಸಿನ ಪರವಾಗಿ ಜಗಳ ತೆಗೆಯಲು ಆ ಸಭೆಯಲ್ಲಿ ಒಬ್ಬರಾದರೂ ರಜಿಯಾ ಆಪಾ ಇರಬೇಡವೇ?