ಲಕ್ಕಮ್ಮನ ನಲವತ್ತು ಮನೆಗಳು

ಬೆಳಗಿನ ಐದು ಗಂಟೆ. ಮಲ್ಲೇಶ್ವರದ ಹದಿನೈದನೇ ಅಡ್ಡರಸ್ತೆಯ ತಿರುವಿನಲ್ಲಿ, ಬೀದಿಯ ನೀರಿನ ನಲ್ಲಿಯ ಪಕ್ಕದ ಕಲ್ಲುಚಪ್ಪಡಿಯ ಮೇಲೆ ಲಕ್ಕಮ್ಮ ಸೊಪ್ಪು ಹರಡಿಕೊಂಡು ಕೂತಿದ್ದಾರೆ. ಬೀದಿದೀಪ ಇನ್ನೂ ಆರಿಲ್ಲ. ದೊಡ್ಡ ಹೊರೆ ಬಿಚ್ಚಿ, ಬೇರಿನ ಮಣ್ಣು ಕೊಡವಿ, ಮನೆಗೊಂದರಂತೆ ಸಣ್ಣ ಕಟ್ಟು ಮಾಡಿ ಬಾಳೆನಾರಿನಲ್ಲಿ ಬಿಗಿಯುತ್ತಾರೆ. ಕೈ ಅದರ ಪಾಡಿಗೆ ಓಡುತ್ತಿರುತ್ತದೆ, ಬಾಯಿ ನನ್ನ ಜೊತೆ ಮಾತಾಡುತ್ತಿರುತ್ತದೆ. ಅವರ ಬಗ್ಗೆ ಬರೆಯಲು ಬಂದ ನಾನು ಮಫ್ಲರ್ ಸುತ್ತಿಕೊಂಡೂ ನಡುಗುತ್ತಿದ್ದೇನೆ. ಅವರ ಕೈ ಮೊಣಕೈವರೆಗೆ ಒದ್ದೆಯಾಗಿದೆ.

ಸಬ್ಬಸಿಗೆ ಕಟ್ಟೊಂದನ್ನು ಪಕ್ಕಕ್ಕಿಟ್ಟು ಅದು ಬಾಣಂತಿ ಮನೆಗೆ ಎನ್ನುತ್ತಾರೆ. ಮೆಂತ್ಯ ಸಕ್ಕರೆ ಕಾಯಿಲೆಯ ಮೇಷ್ಟ್ರಿಗೆ. ಎಳೆ ದಂಟು ಹಲ್ಲಿಲ್ಲದ ಅಜ್ಜಿಗೆ. ಯಾವ ಮನೆಗೆ ಯಾವುದು ಎಂದು ಎಲ್ಲಾದರೂ ಬರೆದಿಟ್ಟಿದ್ದೀರಾ ಎಂದು ಕೇಳಿದರೆ ನಗುತ್ತಾರೆ. ಲಕ್ಕಮ್ಮನಿಗೆ ಓದು ಬರಹ ಬರುವುದಿಲ್ಲ.

ವಯಸ್ಸು ನಲವತ್ತೆಂಟೋ ಐವತ್ತೋ ಇರಬೇಕು, ಅವರಿಗೇ ಖಚಿತವಿಲ್ಲ. ಮನೆ ಶ್ರೀರಾಂಪುರದ ಒಂದು ಕೋಣೆ. ಗಂಡ ಮಾಯಣ್ಣ ಗಿರಣಿಯಲ್ಲಿದ್ದವರು, ಮಂಡಿ ಕೆಟ್ಟು ಮನೆ ಹಿಡಿದು ಆರು ವರ್ಷವಾಯಿತು. ಬಾಳೆನಾರು ಸೀಳಿಕೊಡುವುದು ಈಗ ಅವರ ಕೆಲಸ. ಲಕ್ಕಮ್ಮ ಮೂರೂವರೆಗೆ ಎದ್ದು, ರೈಲುಹಳಿ ದಾಟಿ ನಡೆದೇ ಬರುತ್ತಾರೆ. ಮತ್ತಿಕೆರೆಯ ಆಚೆಯಿಂದ ಸೈಕಲ್ಲಿನಲ್ಲಿ ಸೊಪ್ಪು ತರುವ ಬೆಳೆಗಾರ ಸೊಣ್ಣಪ್ಪ ಇದೇ ಚಪ್ಪಡಿಯ ಹತ್ತಿರ ಹೊರೆ ಇಳಿಸುತ್ತಾರೆ. ಎಂಟರೊಳಗೆ ಬುಟ್ಟಿ ಖಾಲಿ ಆಗಬೇಕು. ಬಿಸಿಲು ಬಂದರೆ ಸೊಪ್ಪು ಯಾರ ಮಾತನ್ನೂ ಕೇಳುವುದಿಲ್ಲ. ಇಪ್ಪತ್ತೆರಡು ವರ್ಷ ಹೀಗೇ ನಡೆದಿದೆ.

ಕಳೆದ ವರ್ಷ, ಎಂಬತ್ತಮೂರರ ಯುಗಾದಿಗೆ, ಹತ್ತಿರದಲ್ಲೇ ಮೂರು ಮಹಡಿಯ ಮಳಿಗೆಯೊಂದು ತೆರೆಯಿತು. ಹೆಸರು ಬೇಡ, ಆ ಕಡೆಯವರಿಗೆಲ್ಲ ಗೊತ್ತು. ಅಕ್ಕಿ, ಬೇಳೆ, ಸೋಪು, ಸೊಪ್ಪು ಎಲ್ಲ ಒಂದೇ ಸೂರಿನಡಿ. ಗಾಜಿನ ಬಾಗಿಲು, ತಲೆಯ ಮೇಲೆ ಫ್ಯಾನು, ತಳ್ಳುವ ಬುಟ್ಟಿ. ಸುಳ್ಳೇಕೆ ಹೇಳಲಿ, ನಾನೂ ಮಕ್ಕಳನ್ನು ಕರೆದುಕೊಂಡು ನೋಡಲು ಹೋಗಿದ್ದೆ, ಬೇಡದ ಎರಡು ಪೊಟ್ಟಣ ಬಿಸ್ಕತ್ತು ಕೊಂಡು ಬಂದಿದ್ದೆ. ಮಳಿಗೆಯ ಲಾರಿ ನಸುಕಿನಲ್ಲೇ ಹೊಲಗಳಿಗೆ ಹೋಗಿ, ಒಳ್ಳೆಯ ಸೊಪ್ಪನ್ನೆಲ್ಲ ಎತ್ತಿಕೊಂಡು ಬರುತ್ತಿತ್ತು ಎನ್ನುವುದು ನನಗೆ ಗೊತ್ತಾದದ್ದು ಈಗ, ಲಕ್ಕಮ್ಮನ ಬಾಯಿಂದ. ಸೈಕಲ್ಲಿನಲ್ಲಿ ಬರುತ್ತಿದ್ದ ಏಳು ಮಂದಿ ಬೆಳೆಗಾರರಲ್ಲಿ ಉಳಿದವರು ಸೊಣ್ಣಪ್ಪ ಒಬ್ಬರೇ. ಅವರೂ ತರುತ್ತಿದ್ದದ್ದು ಲಾರಿಯವರು ಬೇಡವೆಂದು ಬಿಟ್ಟದ್ದು.

"ಬೆಳೆಯೋರನ್ನ ಬಯ್ಯಕ್ಕಾಗಲ್ಲ ಸಾರ್. ಹೊಲದ ಹತ್ರಾನೇ ಬಂದು ಒಟ್ಟಿಗೆ ತಗಂಡೋಗ್ತಾರೆ ಅಂದ್ರೆ ಯಾರು ಬೇಡ ಅಂತಾರೆ? ನಾನಾಗಿದ್ರೂ ಕೊಡ್ತಿದ್ದೆ," ಎನ್ನುತ್ತಾರೆ ಲಕ್ಕಮ್ಮ.

ಬುಟ್ಟಿ ಅರ್ಧಕ್ಕಿಳಿದ ಮೇಲೆ ಅವರು ಮಾಡಿದ ಕೆಲಸ ಯಾರಿಗಾದರೂ ತೋಚುವಂಥದ್ದೇ. ಅದೇ ಮಳಿಗೆಗೆ ಹೋಗಿ ಕೆಲಸ ಕೇಳಿದರು. ಸೊಪ್ಪು ಬಿಡಿಸಿ, ತೂಗಿ, ಕಾಗದದ ಚೀಲಕ್ಕೆ ಹಾಕಿಕೊಡುವ ಕೆಲಸ. ನೀಲಿ ಸೀರೆ ಕೊಟ್ಟರು, ಕೂರಲು ಸ್ಟೂಲು ಕೊಟ್ಟರು. ಹದಿನೆಂಟು ದಿನ ಎಲ್ಲ ಸುಸೂತ್ರವಾಗಿ ನಡೆಯಿತು.

ಹತ್ತೊಂಬತ್ತನೆಯ ದಿನ ಶಾಲೆಯ ಟೀಚರ್ ಸರ್ವಮಂಗಳಾ ಬಂದರು. ಲಕ್ಕಮ್ಮ ಹದಿನಾರು ವರ್ಷದಿಂದ ಸೊಪ್ಪು ಹಾಕುತ್ತಿದ್ದ ಮನೆಯ ಸೊಸೆ. ತೂಗಿ ಕೊಟ್ಟದ್ದಾಯಿತು, ಚೀಟಿ ಬರೆದದ್ದಾಯಿತು. ಆಮೇಲೆ ಲಕ್ಕಮ್ಮನ ಕೈ ತನ್ನಷ್ಟಕ್ಕೆ ತಾನೇ ಹೋಗಿ ಒಂದು ಎಸಳು ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ ಟೀಚರ ಚೀಲಕ್ಕೆ ಹಾಕಿತು. ಕೊಸರು. ಬುಟ್ಟಿಯವರು ಕೊಸರು ಹಾಕದೆ ವ್ಯಾಪಾರ ಮುಗಿಸಿದ್ದು ಮಲ್ಲೇಶ್ವರದಲ್ಲಿ ಯಾರಾದರೂ ನೋಡಿದ್ದಾರೆಯೇ?

ಬಾಗಿಲಲ್ಲಿ ಕಾವಲುಗಾರ ಚೀಲ ತೆರೆಸಿದ. ಚೀಟಿಯಲ್ಲಿ ಕರಿಬೇವೂ ಇಲ್ಲ, ಮೆಣಸಿನಕಾಯಿಯೂ ಇಲ್ಲ. ಹಿಂದೆ ಹತ್ತು ಜನ, ಅವರಲ್ಲಿ ಇಬ್ಬರು ಟೀಚರ ಹಳೆಯ ವಿದ್ಯಾರ್ಥಿಗಳ ತಾಯಂದಿರು. ಲಕ್ಕಮ್ಮ ಸ್ಟೂಲು ಬಿಟ್ಟು ಓಡಿಬಂದು, ಹಾಕಿದ್ದು ನಾನು ಎಂದರು. ಮ್ಯಾನೇಜರು ಕೆಟ್ಟವರಲ್ಲ, ದನಿ ಎತ್ತಲಿಲ್ಲ. ಅಂಗಡಿಯ ಮಾಲನ್ನು ಹಂಚಲು ನಿಮಗೆ ಹೇಳಿದವರು ಯಾರು ಎಂದು ಕೇಳಿ, ಸಂಜೆ ಸೀರೆ ವಾಪಸು ಪಡೆದರು. ಟೀಚರ್ ಮಾತ್ರ ತಲೆ ತಗ್ಗಿಸಿ ಹೋದವರು ತಿರುಗಿ ನೋಡಲಿಲ್ಲ.

"ಕೆಲಸ ಹೋಗಿದ್ದು ಹೋಯ್ತು. ನಂಗೆ ಹೊಟ್ಟೆ ಉರಿದಿದ್ದು ಆಯಮ್ಮನ ಮುಖ ನೋಡಿ. ಕಳ್ಳೀನ ನಿಲ್ಸಿದಂಗೆ ನಿಲ್ಸಿದ್ರು. ಮಾಡಿದ್ದು ನನ್ನ ಕೈ," ಎನ್ನುವಾಗ ಮೊದಲ ಸಲ ಅವರ ಕೈ ನಾರು ಬಿಗಿಯುವುದನ್ನು ನಿಲ್ಲಿಸುತ್ತದೆ.

ಮತ್ತೆ ಬುಟ್ಟಿ ಹೊತ್ತರು. ಸಿಕ್ಕಿದ್ದು ಹದಿನೈದು ಮನೆ. ಸರ್ವಮಂಗಳಾ ಅವರ ಗೇಟಿನ ಮುಂದೆ ಮಾತ್ರ ಕೂಗದೆ ದಾಟಿ ಹೋಗುತ್ತಿದ್ದರು. ಹೀಗೆ ಎರಡು ತಿಂಗಳು ಕಳೆಯಿತು.

ಆ ಮನೆಯ ಅತ್ತೆ ಏಕಾದಶಿಯ ಉಪವಾಸ ಮಾಡುವವರು. ಮರುದಿನ ದ್ವಾದಶಿಯ ಪಾರಣೆಗೆ ಅಗಸೆ ಸೊಪ್ಪು ಆಗಲೇಬೇಕು, ಅದೂ ಬೆಳಕು ಹರಿಯುವಷ್ಟರಲ್ಲಿ. ಮಳಿಗೆ ತೆರೆಯುವುದು ಒಂಬತ್ತಕ್ಕೆ. ತೆರೆದರೂ ಅಲ್ಲಿ ಅಗಸೆ ಇರುವುದಿಲ್ಲ, ಬದುವಿನ ಮೇಲಿನ ಮರ ಹತ್ತಿ ಕುಯ್ಯುವಷ್ಟು ಪುರುಸೊತ್ತು ಲಾರಿಯವರಿಗಿಲ್ಲ. ಮುದುಕಿ ಎರಡು ತಿಂಗಳಿಂದ ಅಗಸೆಯಿಲ್ಲದೆಯೇ ಪಾರಣೆ ಮಾಡುತ್ತಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದ್ದು ಲಕ್ಕಮ್ಮನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಮುಂದಿನ ದ್ವಾದಶಿಗೆ ಸೊಣ್ಣಪ್ಪನಿಂದ ಅಗಸೆ ತರಿಸಿ, ಟೀಚರ ಗೇಟಿಗೆ ಸಿಕ್ಕಿಸಿ, ಸದ್ದು ಮಾಡದೆ ಬಂದುಬಿಟ್ಟರು. ಅದರ ಮುಂದಿನ ದ್ವಾದಶಿಗೂ ಹಾಗೆಯೇ. ಮೂರನೆಯ ಸಲ ಗೇಟಿನ ಒಳಗೆ ಸರ್ವಮಂಗಳಾ ಕಾಯುತ್ತಾ ನಿಂತಿದ್ದರು.

ಆ ದಿನ ಏನು ಮಾತಾಡಿದಿರಿ ಎಂದು ನಾನು ಟೀಚರನ್ನೇ ಕೇಳಿದೆ. ಅವರು ಹೇಳಿದರು: "ಏನಿಲ್ಲ, ಒಳಗೆ ಬಾ ಲಕ್ಕಮ್ಮ, ಕಾಫಿ ಕುಡಿ ಅಂದೆ. ಅವಳ ಮೇಲೆ ಕೋಪ ಇರಲಿಲ್ಲ. ನಾಚಿಕೆ ಆಗಿತ್ತು. ಅವಳು ನನಗೋಸ್ಕರ ಓಡಿಬಂದಳು, ನಾನು ಅವಳ ಪರವಾಗಿ ಒಂದು ಮಾತಾಡದೆ ಬಂದ್ಬಿಟ್ಟೆ."

ಟೀಚರಾದವರು ಸುಮ್ಮನೆ ಕೂರುತ್ತಾರೆಯೇ? ಸೊಣ್ಣಪ್ಪನನ್ನು ಕರೆಸಿ ಲೆಕ್ಕ ಕೇಳಿದರು. ಸೊಣ್ಣಪ್ಪ ಮುಚ್ಚುಮರೆಯಿಲ್ಲದೆ ಹೇಳಿದರು: ದಿನಾ ತಪ್ಪದೆ ತೆಗೆದುಕೊಳ್ಳುವ ನಲವತ್ತು ಮನೆ ಇದ್ದರೆ ಅರ್ಧ ಹೊಲವನ್ನು ಲಾರಿಗೆ ಕೊಡದೆ ಲಕ್ಕಮ್ಮನಿಗೇ ಬಿಡುತ್ತೇನೆ, ಇಲ್ಲವೆಂದರೆ ಮುಂದಿನ ಬಿತ್ತನೆಗೆ ಇಡೀ ಹೊಲ ಕೊತ್ತಂಬರಿ ಹಾಕಿ ಲಾರಿಗೆ. ಹಾಗಾದರೆ ಲಕ್ಕಮ್ಮನ ಬುಟ್ಟಿಗೆ ಬೀಳುವುದು ಏನೂ ಇಲ್ಲ. ಆವತ್ತಿನಿಂದ ಸರ್ವಮಂಗಳಾ ಶಾಲೆ ಬಿಟ್ಟ ಮೇಲೆ ಬಾಗಿಲು ಬಾಗಿಲು ತಟ್ಟುತ್ತಿದ್ದಾರೆ. ಷರತ್ತು ಒಂದೇ: ದಿನಕ್ಕೊಂದು ಕಟ್ಟು, ಹೊಲದಲ್ಲಿ ಏನು ಬಂದಿದೆಯೋ ಅದು. ಪಾಲಕ್ ಬೇಕಿತ್ತು, ದಂಟು ಬೇಡ ಎಂದು ಮೂಗು ಮುರಿಯುವಂತಿಲ್ಲ. ಬಾಣಂತಿಯರಿಗೆ, ಕಾಯಿಲೆಯವರಿಗೆ, ಮುದುಕರಿಗೆ ಮಾತ್ರ ರಿಯಾಯಿತಿ, ಅದನ್ನು ತೀರ್ಮಾನಿಸುವವರು ಲಕ್ಕಮ್ಮ. ಮಳಿಗೆಯಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಲು ಕಲಿತ ಜನ ಇದಕ್ಕೆ ಒಪ್ಪುತ್ತಾರೆಂದು ನಾನಂತೂ ಎಣಿಸಿರಲಿಲ್ಲ. ಮೂವತ್ತೆಂಟು ಮನೆಯವರು ಒಪ್ಪಿದ್ದಾರೆ. ಇನ್ನಿಬ್ಬರು ನೋಡೋಣ ಎಂದಿದ್ದಾರೆ. ನನ್ನ ಮನೆ ಬಸವನಗುಡಿಯಲ್ಲಿ, ಇಲ್ಲದಿದ್ದರೆ ಒಂದು ಸೇರುತ್ತಿತ್ತು.

ಈ ಭಾನುವಾರ ಬಿತ್ತನೆಯ ತೀರ್ಮಾನ, ಅದಕ್ಕೇ ನಾನು ಚಪ್ಪಡಿಯ ಹತ್ತಿರ ಮತ್ತೆ ಬಂದಿದ್ದೇನೆ. ಸೊಣ್ಣಪ್ಪ ಸೈಕಲ್ಲು ನಿಲ್ಲಿಸಿ ಹೊರೆ ಇಳಿಸುತ್ತಾರೆ. ಟೀಚರೂ ಶಾಲು ಹೊದ್ದು ಬಂದಿದ್ದಾರೆ. ನಲವತ್ತು ಎಂದೇ ಹೇಳು, ಇನ್ನೆರಡು ಮನೆ ಇವತ್ತಲ್ಲ ನಾಳೆ ಸೇರುತ್ತವೆ ಎಂದು ಸೊಣ್ಣಪ್ಪ ಬರುವ ಮೊದಲೇ ಅವರು ಲಕ್ಕಮ್ಮನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿದೆ. ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸುವವರು! ನಾನೂ ಮನಸ್ಸಿನಲ್ಲೇ ನಲವತ್ತು, ನಲವತ್ತು ಎನ್ನುತ್ತಿದ್ದೇನೆ.

"ಎಷ್ಟಾಯ್ತಕ್ಕ?" ಎನ್ನುತ್ತಾರೆ ಸೊಣ್ಣಪ್ಪ.

"ಮೂವತ್ತೆಂಟು ಕಣಪ್ಪ. ಎರಡು ಕಮ್ಮಿ."

ಸೊಣ್ಣಪ್ಪ ಹಗ್ಗ ಸುತ್ತುತ್ತಾ ಯೋಚಿಸುತ್ತಾರೆ. ಬೀಡಿ ಹಚ್ಚುತ್ತಾರೆ. ಅದು ಅರ್ಧ ಉರಿಯುತ್ತದೆ. ಲಕ್ಕಮ್ಮ ಸೊಪ್ಪು ಕಟ್ಟುತ್ತಿದ್ದಾರೆ, ಆದರೆ ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿರುವುದು ನನಗೆ ಕಾಣುತ್ತದೆ. ಕೊನೆಗೆ ಸೊಣ್ಣಪ್ಪ, "ಆಯ್ತು, ಮೂವತ್ತೆಂಟು ಮನೆಗೆ ಆಗೋವಷ್ಟೇ ಬಿತ್ತುತೀನಿ. ಮಿಕ್ಕಿದ್ದು ಲಾರಿಗೆ," ಎಂದು ಸೈಕಲ್ಲು ಹತ್ತುತ್ತಾರೆ.

ಟೀಚರು ಕಣ್ಣೊರೆಸಿಕೊಂಡು ಮನೆಗೆ ಹೋದ ಮೇಲೆ, ಎರಡು ಮನೆಯ ಸುಳ್ಳಿಗೆ ಅಷ್ಟು ಹೆದರಿದಿರಾ ಎಂದು ನಾನು ಲಕ್ಕಮ್ಮನನ್ನು ಕೆಣಕುತ್ತೇನೆ. ಅವರು ಬಟ್ಟೆಯ ಸಿಂಬಿಯನ್ನು ತಲೆಯ ಮೇಲೆ ಸರಿಮಾಡಿಕೊಂಡು, ಬುಟ್ಟಿ ಎತ್ತಲು ನನ್ನ ಕೈ ಕೇಳುತ್ತಾರೆ. ಬುಟ್ಟಿ ತಲೆಗೇರಿದ ಮೇಲೆ ಉತ್ತರ ಬರುತ್ತದೆ.

"ಸುಳ್ಳು ಹೇಳಿದ್ರೆ ಅವನು ನಲವತ್ತು ಮನೆಗೆ ಬಿತ್ತುತಿದ್ದ ಸಾರ್. ದಿನಾ ಎರಡು ಕಟ್ಟು ನನ್ನ ಬುಟ್ಟೀಲಿ ಬಾಡ್ತಿತ್ತು. ಇಪ್ಪತ್ತೆರಡು ವರ್ಷ ಆಯ್ತು, ಬಾಡಿರೋ ಸೊಪ್ಪು ಹೊತ್ಕೊಂಡು ನಾನು ಮನೆಗೆ ಹೋದೋಳಲ್ಲ."